ಜಾಝ್, ಸಾಲ್ಸಾ ಎರಡೂ ಇರುವ ಸ್ವತಂತ್ರ ಆಲ್ಬಂ: ಮಿಕ್ಸ್ ಮುಗಿದಿದೆ, ಬಿಡುಗಡೆಗೆ ಮೊದಲು ಏನೇನು ಸರಿಮಾಡಬೇಕು?

ಮಂದ್ರತಂತಿ

ಎಲ್ಲರಿಗೂ ನಮಸ್ಕಾರ. ಲೇಬಲ್ ಇಲ್ಲದೆ ನಾವೇ ಹೊರತರುತ್ತಿರುವ ಆಲ್ಬಂ ಇದು. ಎಂಟು ಟ್ರ್ಯಾಕ್, ಒಟ್ಟು 47 ನಿಮಿಷ. ಐದು ಜಾಝ್: ಟೆನರ್ ಸ್ಯಾಕ್ಸ್, ಪಿಯಾನೊ, ಡಬಲ್ ಬಾಸ್, ಡ್ರಮ್ಸ್, ನಾಲ್ವರೂ ಒಂದೇ ಕೋಣೆಯಲ್ಲಿ ಕೂತು ನುಡಿಸಿದ್ದು. ಮೂರು ಸಾಲ್ಸಾ: ಅದೇ ಪಿಯಾನೊ, ಬಾಸ್, ಜೊತೆಗೆ ಕೊಂಗಾ, ಟಿಂಬಾಲೆಸ್, ಬೊಂಗೊ, ಎರಡು ಟ್ರಂಪೆಟ್, ಒಂದು ಟ್ರಾಂಬೋನ್, ಮುಖ್ಯ ಗಾಯಕಿ, ಮೂವರ ಕೋರೊ (ಹಿಮ್ಮೇಳದ ಗಾಯನ). ಮಾಸ್ಟರಿಂಗ್, ಅಂದರೆ ಮಿಕ್ಸ್ ಆದ ಮೇಲೆ ಇಡೀ ಆಲ್ಬಂನ ಮಟ್ಟ, ಧ್ವನಿ ಹೊಂದಿಸುವ ಕೊನೆಯ ಕೆಲಸ, ಇನ್ನೂ ಆಗಿಲ್ಲ. ಸಿಕ್ಕಿಹಾಕಿಕೊಂಡಿರುವುದು ಇಲ್ಲಿ:

ಒಂದು, ಜಾಝ್ ಟ್ರ್ಯಾಕ್‌ಗಳು ಸುಮಾರು ಮೈನಸ್ 19 ಲಫ್ಸ್ (ಒಟ್ಟಾರೆ ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು), ಟ್ರೂ ಪೀಕ್, ಅಂದರೆ ಸದ್ದಿನ ಅತಿ ಎತ್ತರದ ತುದಿ, ಮೈನಸ್ 3. ಸಾಲ್ಸಾ ಮೈನಸ್ 12. ಒಂದಾದ ಮೇಲೊಂದು ಕೇಳಿದರೆ ಎರಡು ಬೇರೆ ಬೇರೆ ಆಲ್ಬಂ ಅನಿಸುತ್ತದೆ.

ಎರಡು, 9 ನಿಮಿಷ 40 ಸೆಕೆಂಡಿನ ಒಂದು ಸಾಲ್ಸಾಗೆ ನಾಲ್ಕೂವರೆ ನಿಮಿಷದ ಎಡಿಟ್ ಬೇಕು. ವೇಗ ನಿಮಿಷಕ್ಕೆ 190 ಬೀಟು. ಬಾರ್ ಗೆರೆಗೆ (ನಾಲ್ಕು ಬೀಟಿನ ಒಂದೊಂದು ಸುತ್ತು ಮುಗಿಯುವ ಜಾಗಕ್ಕೆ) ಸರಿಯಾಗಿ ಕತ್ತರಿಸಿ ಅಂಟಿಸಿದರೂ ಆ ಜಾಗದಲ್ಲಿ ಲಯ ಕುಂಟುತ್ತದೆ. ಎಣಿಕೆ ತಪ್ಪಿಲ್ಲ, ಮೂರು ಸಲ ಎಣಿಸಿದ್ದಾಗಿದೆ.

ಮೂರು, ಡಿಜಿಟಲ್ ಜೊತೆಗೆ 300 ಎಲ್‌ಪಿ (ವಿನೈಲ್ ತಟ್ಟೆ) ಮಾಡಿಸುವ ಯೋಚನೆ ಇದೆ. 47 ನಿಮಿಷ ಒಂದೇ ತಟ್ಟೆಯಲ್ಲಿ ಕೂರುತ್ತದೆಯೇ?

ನಾಲ್ಕು, ಕೋಡ್‌ಗಳು, ಹನ್ನೊಂದು ಕಲಾವಿದರ ಹೆಸರು, ಸ್ಪ್ಯಾನಿಷ್ ಶೀರ್ಷಿಕೆಗಳು. ಸಾಲ್ಸಾದಲ್ಲಿ ಒಂದು ಹಳೆಯ ಬೊಲೆರೊ (ನಿಧಾನಗತಿಯ ಲ್ಯಾಟಿನ್ ಪ್ರೇಮಗೀತೆ) ಹಾಡಿನ ಹೊಸ ಅರೇಂಜ್‌ಮೆಂಟ್, ಉಳಿದದ್ದೆಲ್ಲ ನಮ್ಮದೇ ರಚನೆ. ಇವನ್ನೆಲ್ಲ ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕು?

ನೀಲಿಸ್ವರ

ಮೊದಲನೆಯದಕ್ಕೆ ಚುಟುಕಾಗಿ: ಸ್ಪಾಟಿಫೈ ಮೈನಸ್ 14 ಲಫ್ಸ್‌ಗೆ ಹೊಂದಿಸಿಕೊಳ್ಳುತ್ತದೆ. ಎಲ್ಲ ಟ್ರ್ಯಾಕನ್ನೂ ಅಲ್ಲಿಗೆ ತಂದುಬಿಟ್ಟರೆ ಗೊಂದಲ ಇರುವುದಿಲ್ಲ. ಬಿಡುಗಡೆ ದಿನ, ಹಂಚಿಕೆ ಬಗ್ಗೆ ಆಮೇಲೆ ಬರೆಯುತ್ತೇನೆ.

ಕ್ಲಾವೆಕಡ್ಡಿ

ನಾನು ಎರಡನೆಯ ಪ್ರಶ್ನೆ ಎತ್ತಿಕೊಳ್ಳುತ್ತೇನೆ, ಯಾಕೆಂದರೆ ಅದು ಮಾಸ್ಟರಿಂಗಿಗೆ ಮೊದಲೇ ಮುಗಿಯಬೇಕಾದ ಕೆಲಸ. ತಪ್ಪು ನಿಮ್ಮ ಎಣಿಕೆಯಲ್ಲಿಲ್ಲ. ಬಾರ್ ಗೆರೆಯ ಮೇಲೆ ಕತ್ತರಿಸಿದ್ದೇ ತಪ್ಪು.

ಸಾಲ್ಸಾದ ಬಾಸ್ ತುಂಬಾವೊ, ಅಂದರೆ ಬಾಸ್ ಮತ್ತೆ ಮತ್ತೆ ನುಡಿಸುವ ಮಾದರಿ, ಒಂದನೇ ಬೀಟಿನಲ್ಲಿ ಮೀಟುವುದಿಲ್ಲ. ಎರಡಾದ ಮೇಲಿನ ಅರೆಯಲ್ಲಿ ಒಂದು ಸ್ವರ, ನಾಲ್ಕರಲ್ಲಿ ಇನ್ನೊಂದು. ನಾಲ್ಕರಲ್ಲಿ ಮೀಟಿದ್ದು ಮುಂದಿನ ಬಾರಿನ ಕಾರ್ಡಿಗೆ (ಸ್ವರಗುಚ್ಛಕ್ಕೆ) ಸೇರಿದ ಸ್ವರ. ಅದು ಗೆರೆ ದಾಟಿ ಒಂದರ ಮೇಲೂ ಮೊಳಗುತ್ತಲೇ ಇರುತ್ತದೆ. ನೀವು ಗೆರೆಯ ಮೇಲೆ ಕತ್ತರಿ ಹಾಕಿದರೆ ಹಳೆಯ ಭಾಗದ ನಾಲ್ಕನೇ ಬೀಟು ಒಂದು ಕಾರ್ಡನ್ನು ಮುಂಚಿತವಾಗಿ ಹೇಳಿಬಿಟ್ಟಿರುತ್ತದೆ, ಬರುವುದು ಬೇರೆಯದೇ ಕಾರ್ಡ್. ಹೊಸ ಭಾಗದ ಒಂದರಲ್ಲಿ ಬಾಸ್‌ನ ಮೀಟೇ ಇಲ್ಲ, ತಲೆ ಕಡಿದ ಬಾಲ ಮಾತ್ರ ಇರುತ್ತದೆ. ನಿಮಗೆ ಕೇಳಿಸುತ್ತಿರುವ ಕುಂಟು ಅದೇ.

ಆದ್ದರಿಂದ ಹೊರಹೋಗುವ ಭಾಗ, ಒಳಬರುವ ಭಾಗ ಎರಡನ್ನೂ ಗೆರೆಯ ಹಿಂದಿನ ನಾಲ್ಕನೇ ಬೀಟಿಗಿಂತ ಸ್ವಲ್ಪ ಮೊದಲು ಕತ್ತರಿಸಿ. ಬಾಸ್‌ನ ತಂತಿ ಮೀಟುವ ಸದ್ದಿಗೆ 5ರಿಂದ 10 ಮಿಲಿಸೆಕೆಂಡ್ ಮೊದಲು ಸಾಕು. ಇದರಿಂದ ಇನ್ನೊಂದು ಲಾಭ: ಕೊಂಗಾದ ತೆರೆದ ಪೆಟ್ಟುಗಳು ನಾಲ್ಕು ಮತ್ತು ನಾಲ್ಕರ ನಂತರದ ಅರೆಯಲ್ಲಿ ಬೀಳುತ್ತವೆ, ಅವೂ ಇಡಿಯಾಗಿ ಹೊಸ ಭಾಗದೊಂದಿಗೇ ಬರುತ್ತವೆ. 190ರಲ್ಲಿ ಒಂದು ಬೀಟು ಸುಮಾರು 316 ಮಿಲಿಸೆಕೆಂಡ್, ಅಂದರೆ ಕತ್ತರಿಯನ್ನು ಅಷ್ಟು ಹಿಂದಕ್ಕೆ ಸರಿಸುತ್ತಿದ್ದೀರಿ.

ಇನ್ನು ಕ್ಲಾವೆ. ಅದು ಇಡೀ ತಂಡ ಅನುಸರಿಸುವ ಐದು ಪೆಟ್ಟಿನ ಲಯ, ಎರಡು ಬಾರಿನ ಆವರ್ತ. 3-2 ಸೋನ್ ಕ್ಲಾವೆಯಲ್ಲಿ ಮೊದಲ ಬಾರಿನಲ್ಲಿ ಒಂದು, ಎರಡರ ನಂತರದ ಅರೆ, ನಾಲ್ಕು. ಮುಂದಿನ ಬಾರಿನಲ್ಲಿ ಎರಡು, ಮೂರು. ತೆಗೆದುಹಾಕುವ ಬಾರ್‌ಗಳ ಸಂಖ್ಯೆ ಬೆಸವಾದರೆ ಅಂಟಿಸಿದಲ್ಲಿಂದ ಮುಂದೆ ಪಿಯಾನೊದ ಮೊಂತುನೊ (ಮರುಕಳಿಸುವ ಲಯದ ಸಾಲು), ಕಾಸ್ಕರ (ಟಿಂಬಾಲೆಸ್ ಬದಿಯ ಮೇಲೆ ಬಾರಿಸುವ ಲಯ), ಗಂಟೆ ಎಲ್ಲವೂ ಮೊದಲಿನ ಕ್ಲಾವೆಗೆ ಅಡ್ಡ ಬೀಳುತ್ತವೆ. ಇದನ್ನೇ ಕ್ರುಸಾದೊ ಎನ್ನುತ್ತಾರೆ. ನೃತ್ಯಗಾರರು ಹೆಸರು ಹೇಳದಿದ್ದರೂ ಕಾಲಲ್ಲಿ ಹಿಡಿಯುತ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ: ಅರೇಂಜ್‌ಮೆಂಟಿನಲ್ಲಿ ಐದು ಅಥವಾ ಏಳು ಬಾರಿನ ಸಾಲು ಒಂದಿದ್ದರೆ ಕ್ಲಾವೆ ನಿಲ್ಲದೆಯೇ ಹಾಡು 3-2ರಿಂದ 2-3ಕ್ಕೆ ಹೊರಳಿರುತ್ತದೆ. ಹಾಗಾಗಿ ಭಾಗದ ಮೊದಲ ಬಾರಿನಿಂದ ಎಣಿಸಿದ್ದನ್ನು ನಂಬಬೇಡಿ. ಬರೀ ಕ್ಲಾವೆಯ ಒಂದು ಮಾರ್ಗದರ್ಶಿ ಟ್ರ್ಯಾಕನ್ನು ಹಾಡಿನ ಉದ್ದಕ್ಕೂ ಹಾಕಿಕೊಂಡು, ಅದರ ಮೇಲೆ ಜೋಡಿಸಿ, ಆಮೇಲೆ ಆ ಟ್ರ್ಯಾಕನ್ನು ಅಳಿಸಿ.

ಲೆಕ್ಕ ಹೀಗೆ: ಒಂದು ಬಾರ್ 1.26 ಸೆಕೆಂಡ್, ಇಡೀ ಹಾಡು ಸುಮಾರು 459 ಬಾರ್. 240 ಬಾರ್ ತೆಗೆದರೆ 4 ನಿಮಿಷ 37 ಸೆಕೆಂಡ್ ಉಳಿಯುತ್ತದೆ. 240 ಎಂಟರಿಂದ ಭಾಗವಾಗುವ ಸಂಖ್ಯೆ, ಕೋರೊದ ಸುತ್ತಿಗೂ ಹೊಂದುತ್ತದೆ. ಇಂಟ್ರೊ, ಪಲ್ಲವಿ, ಕೋರೊ ಮತ್ತು ಗಾಯಕಿಯ ಉತ್ತರದ ಎರಡು ಮೂರು ಸುತ್ತು, ಮೊದಲ ಮಾಂಬೊ, ಕೊನೆಯ ಕೋರೊ, ಕೋಡಾ (ಮುಕ್ತಾಯ) ಇಟ್ಟುಕೊಳ್ಳಿ. ಪಿಯಾನೊ, ಟಿಂಬಾಲೆಸ್ ಸೋಲೊಗಳು ಪೂರ್ಣ ರೂಪದಲ್ಲಿ ಇದ್ದೇ ಇರುತ್ತವೆ. ಮಾಂಬೊವನ್ನು ಮಾತ್ರ ಕೈಬಿಡಬೇಡಿ. ಹಿತ್ತಾಳೆ ವಾದ್ಯಗಳು ತುಂಬಿ ಬರುವ ಆ ಜಾಗಕ್ಕಾಗಿಯೇ ನರ್ತಿಸುವವರು ಕಾಯುತ್ತಿರುತ್ತಾರೆ.

ಅಂಟು ಮರೆಮಾಡಲು ಒಳ್ಳೆಯ ಜಾಗ ಅಬಾನಿಕೊ, ಅಂದರೆ ಹೊಸ ಭಾಗಕ್ಕೆ ಮೊದಲು ಟಿಂಬಾಲೆಸ್‌ನವರು ಬಾರಿಸುವ ಆ ಉರುಳು. ಅದು ಒಳಬರುವ ಭಾಗದ್ದೇ ಆಗಿರಲಿ. ಅಂದರೆ ಟಿಂಬಾಲೆಸ್ ಟ್ರ್ಯಾಕಿನ ಕತ್ತರಿಯನ್ನು ಉಳಿದವಕ್ಕಿಂತ ಒಂದು ಬಾರ್ ಹಿಂದೆ ಹಾಕಿ. ಪಲ್ಲವಿಯಲ್ಲಿ ಬೊಂಗೊ ಮತ್ತು ಕಾಸ್ಕರ ಇರುತ್ತದೆ, ಮೊಂತುನೊ ಭಾಗದಲ್ಲಿ, ಅಂದರೆ ಕೋರೊ ಮತ್ತು ಗಾಯಕಿಯ ಸವಾಲು-ಜವಾಬಿನ ಭಾಗದಲ್ಲಿ, ಬೊಂಗೊ ನುಡಿಸುವವರು ಕೈಗಂಟೆಗೆ, ಟಿಂಬಾಲೆಸ್‌ನವರು ಮಾಂಬೊ ಗಂಟೆಗೆ ಹೋಗಿರುತ್ತಾರೆ. ನಡುವೆ ಅಬಾನಿಕೊ ಇಲ್ಲದೆ ಜೋಡಿಸಿದರೆ ಗಂಟೆ ಆಕಾಶದಿಂದ ಉದುರಿದಂತೆ ಕೇಳುತ್ತದೆ.

ಇದನ್ನೆಲ್ಲ ಪ್ರತಿ ವಾದ್ಯ ಬೇರೆ ಬೇರೆ ಇರುವ ಮಲ್ಟಿಟ್ರ್ಯಾಕಿನಲ್ಲೇ ಮಾಡಿ, ಸ್ಟೀರಿಯೊ ಮಿಕ್ಸಿನ ಮೇಲಲ್ಲ. ಅನುರಣನ ಸೇರಿಸುವ ರಿವರ್ಬ್ ಆಮೇಲೆ ಹಾದುಹೋಗಲಿ. ಇಲ್ಲದಿದ್ದರೆ ತೆಗೆದುಹಾಕಿದ ಟ್ರಂಪೆಟ್ ಸೋಲೊದ ಅನುರಣನ ಕೋರೊದ ಕೆಳಗೆ ತೇಲುತ್ತಿರುತ್ತದೆ. ಕ್ಲಿಕ್ (ಕಿವಿಗೆ ಹಾಕುವ ತಾಳದ ಸದ್ದು) ಇಲ್ಲದೆ ನುಡಿಸಿದ್ದರೆ ಕೊನೆಯ ಭಾಗ ನಿಮಿಷಕ್ಕೆ ನಾಲ್ಕೈದು ಬೀಟು ವೇಗವಾಗಿರುವುದು ಸಾಮಾನ್ಯ. ಆಗ ನಡುಹರಿವಿನಲ್ಲಿ ಜೋಡಿಸಬೇಡಿ. ಎಲ್ಲರೂ ಒಟ್ಟಿಗೆ ಹೊಡೆದು ನಿಲ್ಲುವ ಬ್ರೇಕ್ ಇದ್ದಲ್ಲಿ ಜೋಡಿಸಿದರೆ ವೇಗ ಬದಲಾದದ್ದು ಗೊತ್ತಾಗುವುದಿಲ್ಲ. ಗ್ರಿಡ್‌ಗೆ ಎಳೆದು ಕೂರಿಸುವುದಂತೂ ಬೇಡ, ಕೊಂಗಾ ಮತ್ತು ಬಾಸ್ ನಡುವಿನ ಎಳೆತ ಸತ್ತುಹೋಗುತ್ತದೆ.

ಮಾಸ್ಟರ್‌ಮೇಜು

ನೀಲಿಸ್ವರ ಅವರ ಮೈನಸ್ 14 ಸಲಹೆಯನ್ನು ತಿದ್ದಬೇಕು. ಅದು ಸ್ಪಾಟಿಫೈ ಹಾಡನ್ನು ನುಡಿಸುವಾಗ ಹೊಂದಿಸಿಕೊಳ್ಳುವ ಮಟ್ಟ. ನೀವು ಮುಟ್ಟಲೇಬೇಕಾದ ಗುರಿ ಅಲ್ಲ. ಆ್ಯಪಲ್ ಮ್ಯೂಸಿಕ್‌ನ ಸೌಂಡ್ ಚೆಕ್ ಎಂಬ ಇದೇ ಬಗೆಯ ಸೌಲಭ್ಯದಲ್ಲಿ ಮೈನಸ್ 16ರ ಆಸುಪಾಸು. ಬ್ಯಾಂಡ್‌ಕ್ಯಾಂಪ್‌ನಿಂದ (ಕಲಾವಿದರು ನೇರವಾಗಿ ಮಾರುವ ತಾಣ) ಇಳಿಸಿಕೊಂಡ ಫೈಲಿನಲ್ಲಂತೂ ನೀವು ಕೊಟ್ಟದ್ದೇ ಇರುತ್ತದೆ.

ಸ್ಪಾಟಿಫೈ ಜೋರಾದದ್ದನ್ನು ಇಳಿಸುತ್ತದೆ, ಮೆತ್ತಗಿದ್ದದ್ದನ್ನು ಏರಿಸುತ್ತದೆ. ಆದರೆ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಪೀಕ್ ಮೈನಸ್ 1 ಮುಟ್ಟುವವರೆಗೆ ಮಾತ್ರ ಏರಿಸುತ್ತದೆ. ನಿಮ್ಮ ಜಾಝ್ ಮೈನಸ್ 19, ಪೀಕ್ ಮೈನಸ್ 3 ಇದ್ದರೆ ಎರಡು ಡಿಬಿ ಏರಿ ಮೈನಸ್ 17ಕ್ಕೆ ನಿಲ್ಲುತ್ತದೆ. ಸಾಲ್ಸಾ ಎರಡು ಇಳಿದು ಮೈನಸ್ 14. ಇದು ಬಿಡಿ ಟ್ರ್ಯಾಕ್ ಪ್ಲೇಲಿಸ್ಟಿನಲ್ಲಿ ಬಂದಾಗಿನ ಮಾತು. ಆಲ್ಬಂ ಅನ್ನು ಸಾಲಾಗಿ ಕೇಳುವಾಗ ಎಲ್ಲ ಟ್ರ್ಯಾಕಿಗೂ ಒಂದೇ ಪ್ರಮಾಣದ ಏರಿಳಿತ, ಹಾಗಾಗಿ ನಿಮ್ಮ ಏಳು ಡಿಬಿ ಅಂತರ ಹಾಗೆಯೇ ಉಳಿಯುತ್ತದೆ. ಕೇಳುಗರು ವಾಲ್ಯೂಮ್ ಗುಂಡಿಗೆ ಕೈ ಹಾಕುವಷ್ಟು ದೊಡ್ಡ ಅಂತರ ಅದು. ಹಾಗೆಂದು ಅಂತರವನ್ನು ಶೂನ್ಯಕ್ಕೆ ತರುವುದು ಇನ್ನೂ ಕೆಟ್ಟದ್ದು. ಬ್ರಷ್‌ನಲ್ಲಿ ನುಡಿಸಿದ ಬ್ಯಾಲಡ್ (ನಿಧಾನದ ಮೆತ್ತನೆಯ ರಚನೆ) ಮೂರು ಹಿತ್ತಾಳೆ ವಾದ್ಯಗಳ ಮಾಂಬೊದಷ್ಟೇ ಜೋರಾದರೆ ಸ್ಯಾಕ್ಸ್ ಕಿವಿಯೊಳಗೆ ಬಂದು ಊದಿದಂತಾಗುತ್ತದೆ.

ಹೀಗೆ ಮಾಡಿ. ವಾಲ್ಯೂಮ್ ಗುಂಡಿಯನ್ನು ಒಂದು ಕಡೆ ಇಟ್ಟು ಮತ್ತೆ ಮುಟ್ಟಬೇಡಿ. ಬ್ಯಾಲಡ್‌ನ ಸ್ಯಾಕ್ಸ್ ಮಾಧುರ್ಯ ಮತ್ತು ಸಾಲ್ಸಾದ ಗಾಯಕಿಯ ಧ್ವನಿ, ಇವೆರಡನ್ನು ಮಾತ್ರ ಹೋಲಿಸುತ್ತಾ ಟ್ರ್ಯಾಕ್‌ಗಳ ಮಟ್ಟ ಸರಿಪಡಿಸಿ. ಮುಂದಾಳು ಸ್ವರ ಎರಡರಲ್ಲೂ ಒಂದೇ ದೂರದಲ್ಲಿ ನಿಂತಂತಿದ್ದರೆ ಸಾಕು, ಮೀಟರ್ ಏನಾದರೂ ತೋರಿಸಲಿ. ಹೆಚ್ಚಾಗಿ ಅದು ಮೂರು ನಾಲ್ಕು ಡಿಬಿ ಅಂತರದಲ್ಲಿ ಬಂದು ನಿಲ್ಲುತ್ತದೆ: ಜಾಝ್ ಮೈನಸ್ 17, ಸಾಲ್ಸಾ ಮೈನಸ್ 13.5 ಹೀಗೆ.

ನನಗೆ ಹೆಚ್ಚು ಚಿಂತೆ ಸಾಲ್ಸಾದ ಮೈನಸ್ 12ರ ಬಗ್ಗೆ. ಮಾಸ್ಟರಿಂಗಿಗೆ ಮೊದಲೇ ಅಷ್ಟಿದ್ದರೆ ಮಿಕ್ಸ್ ಬಸ್‌ನಲ್ಲಿ (ಎಲ್ಲ ಟ್ರ್ಯಾಕ್ ಒಂದಾಗುವ ದಾರಿ) ಲಿಮಿಟರ್, ಅಂದರೆ ಸದ್ದಿನ ತುದಿಗಳನ್ನು ಅದುಮುವ ಸಾಧನ, ಕೂತಿರಬೇಕು. ತೆಗೆದುಬಿಡಿ. ಸಾಲ್ಸಾದಲ್ಲಿ ಲಿಮಿಟರ್ ಮೊದಲು ಕಚ್ಚುವುದು ಟಿಂಬಾಲೆಸ್‌ನ ಅಂಚಿನ ಹೊಡೆತ ಮತ್ತು ಕೊಂಗಾದ ಸ್ಲ್ಯಾಪನ್ನು, ಅಂದರೆ ಚುರುಕಾದ ಅಂಗೈ ಪೆಟ್ಟನ್ನು. ಪ್ರತಿ ಸ್ಲ್ಯಾಪಿಗೂ ಪಿಯಾನೊ ಮತ್ತು ಕೋರೊ ಒಂದು ಕ್ಷಣ ಕುಗ್ಗುತ್ತವೆ. ಪರೀಕ್ಷೆ ಸುಲಭ: ಎರಡನೇ ಬೀಟಿನ ಸ್ಲ್ಯಾಪ್ ಒಂದನ್ನೇ ಹಿಡಿದು ಲಿಮಿಟರ್ ಹಾಕಿ, ತೆಗೆದು ಕೇಳಿ. ಚರ್ಮ ಸಿಡಿದ ‘ಟಪ್’ ಸದ್ದು ‘ತಬ್’ ಆಗಿದ್ದರೆ ಮಿತಿ ಮೀರಿದೆ. ಮಾಸ್ಟರಿಂಗಿನಲ್ಲೂ ಅತಿ ಜೋರಾದ ಕಡೆ ಎರಡು ಮೂರು ಡಿಬಿಗಿಂತ ಹೆಚ್ಚು ಅದುಮದಿರಲಿ, ಪೀಕ್ ಮೈನಸ್ 1ರಲ್ಲಿ ನಿಲ್ಲಲಿ. ಎಂಪಿ3, ಎಎಸಿಗೆ ಬದಲಾಗುವಾಗ ಟ್ರಂಪೆಟ್ ಮತ್ತು ಗಂಟೆ ಇರುವ ಜಾಗದಲ್ಲೇ ಪೀಕ್ ಉಕ್ಕಿ ಸೀಳುವುದು.

ಮಿಕ್ಸ್ ತೆರೆದದ್ದೇ ಆದರೆ ಇನ್ನೆರಡು. 2ರಿಂದ 5 ಕಿಲೊಹರ್ಟ್ಸ್ ನಡುವೆ ಗಂಟೆ, ಕೊಂಗಾ ಸ್ಲ್ಯಾಪ್, ಟ್ರಂಪೆಟ್, ಮೊಂತುನೊ ಪಿಯಾನೊದ ಮೇಲಿನ ಅಷ್ಟಕ, ಕೋರೊ ಎಲ್ಲ ಒಟ್ಟಿಗೆ ನೂಕುನುಗ್ಗಲು ಮಾಡುತ್ತವೆ. ಈಕ್ವಲೈಸರ್ ತಿರುಗಿಸುವ ಮೊದಲು ಗಂಟೆಯನ್ನು ಒಂದೂವರೆ ಡಿಬಿ ಇಳಿಸಿ ನೋಡಿ, ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ. ಹಾಗೆಯೇ ಸಾಂಪ್ರದಾಯಿಕ ಸಾಲ್ಸಾದಲ್ಲಿ ಕಿಕ್ ಡ್ರಮ್ ಇಲ್ಲ. ತಳದ ಭಾರ ಬಾಸ್ ಒಂದರದ್ದೇ. ಕಿಕ್ ಇರುವ ಸಂಗೀತಕ್ಕೆಂದು ಮಾಡಿದ ಬಸ್ ಕಂಪ್ರೆಸರ್ (ಜೋರಾದದ್ದನ್ನು ತಗ್ಗಿಸುವ ಸಾಧನ) ಸೆಟ್ಟಿಂಗ್ ಹಾಕಿದರೆ ಅದು ತುಂಬಾವೊದ ನಾಲ್ಕನೇ ಬೀಟನ್ನೇ ಹಿಡಿದು ಹಿಂದಕ್ಕೆ ತಳ್ಳುತ್ತದೆ. ಆ ಸ್ವರವೇ ಹಾಡನ್ನು ಮುಂದಕ್ಕೆ ಎಳೆಯುವುದು.

ಜಾಝ್ ಟ್ರ್ಯಾಕ್‌ಗಳಲ್ಲಿ ಒಂದು ಟೇಕಿನಿಂದ ಇನ್ನೊಂದಕ್ಕೆ ಜೋಡಿಸಿದ್ದರೆ ರೈಡ್ ಸಿಂಬಲಿನ ಮೊಳಗನ್ನು ಹೆಡ್‌ಫೋನಿನಲ್ಲಿ ಪರೀಕ್ಷಿಸಿ. ಒಂದೇ ಕೋಣೆಯಾದ್ದರಿಂದ ಸಿಂಬಲ್ ಎಲ್ಲ ಮೈಕಿನಲ್ಲೂ ಇರುತ್ತದೆ. ಪಿಯಾನೊ ಒಂದನ್ನೇ ಬದಲಿಸಿದೆ ಎಂದುಕೊಂಡಿರುತ್ತೀರಿ, ಅದರ ಮೈಕಿಗೆ ಸೋರಿದ ಸಿಂಬಲ್ ಕೂಡ ಬದಲಾಗಿ ಎರಡು ರೈಡ್ ಕೇಳುತ್ತದೆ. ಆ ನಾಲ್ಕು ವಾದ್ಯಗಳನ್ನು ಒಟ್ಟಿಗೇ ಕತ್ತರಿಸಬೇಕು, ರೈಡ್‌ನ ಹೊಡೆತಕ್ಕೆ ಕೂದಲೆಳೆಯಷ್ಟು ಮೊದಲು.

ಮಾಸ್ಟರ್‌ಗಳು 24 ಬಿಟ್‌ನಲ್ಲಿರಲಿ, ರೆಕಾರ್ಡ್ ಮಾಡಿದ ಸ್ಯಾಂಪಲ್ ರೇಟಿನಲ್ಲೇ ಇರಲಿ. 44.1ರಲ್ಲಿ ಮಾಡಿದ್ದನ್ನು 96ಕ್ಕೆ ಹಿಗ್ಗಿಸಿದರೆ ಫೈಲ್ ಮಾತ್ರ ದಪ್ಪಗಾಗುತ್ತದೆ. ಟ್ರ್ಯಾಕ್‌ಗಳ ನಡುವಿನ ಮೌನವನ್ನು ಹಿಂದಿನ ಫೈಲಿನ ಕೊನೆಗೆ ಸೇರಿಸಿ, ಮುಂದಿನದರ ಆರಂಭಕ್ಕಲ್ಲ. ಪ್ಲೇಲಿಸ್ಟಿನಲ್ಲಿ ಮೂರು ಸೆಕೆಂಡ್ ಮೌನದಿಂದ ಶುರುವಾಗುವ ಹಾಡು ಕೆಟ್ಟುನಿಂತಂತೆ ಕಾಣುತ್ತದೆ.

ನೀಲಿಸ್ವರ

ಒಪ್ಪಿದೆ, ಪೀಕ್ ತಲುಪಿದ ಮೇಲೆ ಏರಿಸುವುದಿಲ್ಲ ಎನ್ನುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮುಳ್ಳುಮೊನೆ

ಎಲ್‌ಪಿ ವಿಚಾರ. 12 ಇಂಚಿನ ತಟ್ಟೆ, ನಿಮಿಷಕ್ಕೆ 33⅓ ಸುತ್ತಿನ ವೇಗ: ಒಂದು ಬದಿಗೆ 18ರಿಂದ 22 ನಿಮಿಷ ನೆಮ್ಮದಿಯ ಮಿತಿ. 47 ನಿಮಿಷ ಅಂದರೆ ಬದಿಗೆ ಇಪ್ಪತ್ತಮೂರೂವರೆ. ಕೂರುತ್ತದೆ, ಆದರೆ ಗೆರೆಗಳನ್ನು ಒತ್ತೊತ್ತಾಗಿ ಹಾಕಲು ಮಟ್ಟ ಇಳಿಸಬೇಕಾಗುತ್ತದೆ. ಮಟ್ಟ ಇಳಿದಷ್ಟೂ ತಟ್ಟೆಯ ಸ್ವಂತ ಸರಸರ ಸದ್ದು ಮುಂದೆ ಬರುತ್ತದೆ, ಬ್ಯಾಲಡ್ ಇರುವ ಆಲ್ಬಂಗೆ ಅದೇ ಶತ್ರು. ಒಂದು ಏಳು ನಿಮಿಷದ ಜಾಝ್ ಟ್ರ್ಯಾಕನ್ನು ಡಿಜಿಟಲ್‌ಗೆ ಮಾತ್ರ ಇಟ್ಟು 20-20 ಮಾಡಿ. ಎರಡು ತಟ್ಟೆಯ ಆಲ್ಬಂ ಮಾಡಿದರೆ ಧ್ವನಿ ಇನ್ನೂ ಚೆನ್ನ, ಖರ್ಚು ಹೆಚ್ಚು. 300 ಪ್ರತಿಗೆ ನಾನು ಶಿಫಾರಸು ಮಾಡುವುದಿಲ್ಲ.

ಅದಕ್ಕಿಂತ ಮುಖ್ಯ ಹಾಡುಗಳ ಕ್ರಮ. ತಟ್ಟೆ ತಿರುಗುವ ವೇಗ ಒಂದೇ, ಆದರೆ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹಾದುಹೋದರೆ ಒಳ ಅಂಚಿನಲ್ಲಿ 21 ಸೆಂಟಿಮೀಟರ್ ಮಾತ್ರ. ಅದೇ ತಾರಸ್ವರದ ಅಲೆಯನ್ನು ಅರ್ಧಕ್ಕೂ ಕಡಿಮೆ ಜಾಗದಲ್ಲಿ ಮಡಚಬೇಕು. ಮುಳ್ಳು ಅದನ್ನು ಓದಲಾರದೆ ಹರಿದ ಸದ್ದು ಮಾಡುತ್ತದೆ. ಗೂಯಿರೊದ ಕೆರೆತ, ಮರಾಕಾಸ್, ಗಂಟೆ, ಮ್ಯೂಟ್ ಹಾಕಿದ ಟ್ರಂಪೆಟ್, ಕೋರೊದ ‘ಸ’ಕಾರಗಳು ಎಲ್ಲ ಈ ಜಾತಿಯವು. ಪ್ರತಿ ಬದಿಯನ್ನೂ ಸಾಲ್ಸಾದಿಂದ ಶುರುಮಾಡಿ ಬ್ಯಾಲಡ್ ಅಥವಾ ಟ್ರಿಯೊದಂಥ ಮೆತ್ತನೆಯದರಲ್ಲಿ ಮುಗಿಸಿ. ಡಿಜಿಟಲ್‌ನಲ್ಲಿ ಬೇರೆ ಕ್ರಮ ಇದ್ದರೂ ತೊಂದರೆ ಇಲ್ಲ.

ಮೂವರ ಕೋರೊವನ್ನು ಎರಡೆರಡು ಸಲ ಹಾಡಿಸಿ ಪೇರಿಸಿದ್ದರೆ ಆರು ಬಾಯಿಯ ‘ಸ’ ಒಂದೇ ಕ್ಷಣಕ್ಕೆ ಬೀಳುವುದಿಲ್ಲ, ಹರಡಿಕೊಳ್ಳುತ್ತದೆ. ಮಾಸ್ಟರಿಂಗಿನಲ್ಲಿ ಇಡೀ ಹಾಡಿಗೆ ‘ಸ’ಕಾರ ತಗ್ಗಿಸುವ ಡಿ-ಎಸ್ಸರ್ ಹಾಕಿದರೆ ಗಂಟೆಯೂ ಮಂಕಾಗುತ್ತದೆ. ಒಬ್ಬರ ಸಾಲಿನ ಕೊನೆಯ ‘ಸ’ ಇಟ್ಟುಕೊಂಡು ಉಳಿದವರದ್ದನ್ನು ಮಿಕ್ಸಿನಲ್ಲೇ ಕೈಯಿಂದ ಇಳಿಸುವುದು ಸರಿಯಾದ ದಾರಿ.

ತಳಸ್ವರ 150 ಹರ್ಟ್ಸ್ ಕೆಳಗೆ ಮಧ್ಯದಲ್ಲೇ ಇರಬೇಕು. ಎಡಬಲ ಬೇರೆಬೇರೆಯಾದ ಬಾಸ್ ಗೆರೆಯನ್ನು ಮೇಲೆ ಕೆಳಗೆ ಕುಣಿಸಿ ಮುಳ್ಳನ್ನು ಎಗರಿಸುತ್ತದೆ. ಡಬಲ್ ಬಾಸ್‌ಗೆ ಎರಡು ಮೈಕ್ ಇಟ್ಟು ಎಡಬಲಕ್ಕೆ ಹರಡಿದ್ದರೆ ಮೊದಲು ಅದನ್ನು ನೋಡಿ. ಪ್ರೆಸ್ಸಿಗೆ ಲಿಮಿಟರ್ ಇಲ್ಲದ 24 ಬಿಟ್ ಮಾಸ್ಟರ್, ಒಂದು ಬದಿಗೆ ಒಂದೇ ಫೈಲ್, ಜೊತೆಗೆ ಪ್ರತಿ ಹಾಡು ಶುರುವಾಗುವ ನಿಮಿಷ-ಸೆಕೆಂಡಿನ ಪಟ್ಟಿ ಕೊಡಿ.

ಟೆಸ್ಟ್ ಪ್ರೆಸ್ಸಿಂಗ್ (ಒಪ್ಪಿಗೆಗೆ ಕಳಿಸುವ ಮಾದರಿ ತಟ್ಟೆಗಳು) ಬಂದಾಗ ಬಂದ ಪ್ರತಿಯೊಂದನ್ನೂ ಆರಂಭದಿಂದ ಕೊನೆಯವರೆಗೆ ಕೇಳಬೇಕು. ಒಂದೇ ಜಾಗದ ಟಿಕ್ ಸದ್ದು ಎಲ್ಲ ಪ್ರತಿಯಲ್ಲೂ ಇದ್ದರೆ ದೋಷ ಅಚ್ಚಿನಲ್ಲಿ, ಹೊಸದಾಗಿ ಮಾಡಿಸಬೇಕು. ಒಂದರಲ್ಲಿ ಮಾತ್ರ ಇದ್ದರೆ ಆ ತಟ್ಟೆಯದ್ದು. ನಡುವಿನ ತೂತು ಕೇಂದ್ರ ತಪ್ಪಿದ್ದರೆ ಪಿಯಾನೊದ ದೀರ್ಘ ಸ್ವರ ಪ್ರತಿ ಸುತ್ತಿಗೂ, ಅಂದರೆ 1.8 ಸೆಕೆಂಡಿಗೊಮ್ಮೆ, ತೂಗಾಡುತ್ತದೆ. ಸ್ಯಾಕ್ಸ್‌ನಲ್ಲಿ ಕೇಳಿದರೆ ಅದು ವಾದಕರ ಕಂಪನವೋ ತಟ್ಟೆಯ ದೋಷವೋ ತಿಳಿಯುವುದಿಲ್ಲ, ಆದ್ದರಿಂದ ಪಿಯಾನೊದಲ್ಲೇ ಕೇಳಿ. ಇದು ಒಪ್ಪಿಗೆಯಾಗುವ ತನಕ ಎಲ್‌ಪಿಯ ದಿನಾಂಕ ಯಾರಿಗೂ ಹೇಳಬೇಡಿ.

ಹೆಸರುಪಟ್ಟಿ

ನಾಲ್ಕನೆಯ ಪ್ರಶ್ನೆ. ಬೇಸರದ ಕೆಲಸ, ಆದರೆ ಅಪ್‌ಲೋಡ್ ಆದ ಮೇಲೆ ತಿದ್ದುವುದು ನೂರು ಪಟ್ಟು ಕಷ್ಟ.

ಐಎಸ್‌ಆರ್‌ಸಿ ಧ್ವನಿಮುದ್ರಣದ ಗುರುತು, ಹಾಡಿನದ್ದಲ್ಲ. 12 ಅಕ್ಷರ-ಅಂಕೆ. ಅದೇ ಮುದ್ರಣ ಸ್ಟ್ರೀಮಿಂಗ್, ಸಿಡಿ, ಎಲ್‌ಪಿ ಎಲ್ಲಿ ಬಂದರೂ ಅದೇ ಕೋಡ್. ಆದರೆ ನಿಮ್ಮ ನಾಲ್ಕೂವರೆ ನಿಮಿಷದ ಎಡಿಟ್ ಬೇರೆ ಮುದ್ರಣವೆಂದೇ ಲೆಕ್ಕ, ಅದಕ್ಕೆ ಹೊಸ ಕೋಡ್. ಬಾರ್‌ಕೋಡ್ ಹಾಗಲ್ಲ, ಅದು ಸರಕಿನದ್ದು: ಡಿಜಿಟಲ್ ಆಲ್ಬಂಗೆ ಒಂದು, ಎಲ್‌ಪಿಗೆ ಇನ್ನೊಂದು. ಸಾಮಾನ್ಯ ತಪ್ಪು: ಬ್ಯಾಂಡ್‌ಕ್ಯಾಂಪ್‌ಗೆ ಕೋಡ್ ಇಲ್ಲದೆ ಹಾಕುವುದು, ಆಮೇಲೆ ಡಿಸ್ಟ್ರಿಬ್ಯೂಟರ್ (ಸ್ಟ್ರೀಮಿಂಗ್ ಸೇವೆಗಳಿಗೆ ಹಾಡು ತಲುಪಿಸುವ ಸಂಸ್ಥೆ) ತಾನೇ ಒಂದು ಕೊಡುವುದು, ಮುಂದೆ ಡಿಸ್ಟ್ರಿಬ್ಯೂಟರ್ ಬದಲಿಸಿದಾಗ ಇನ್ನೊಂದು ಹುಟ್ಟುವುದು. ಕೋಡ್ ಬದಲಾದರೆ ಹಿಂದಿನ ಪ್ಲೇ ಲೆಕ್ಕ ಹೊಸ ಅಪ್‌ಲೋಡಿಗೆ ಸೇರುವುದಿಲ್ಲ. ಎಂಟು ಮತ್ತು ಒಂದು, ಒಂಬತ್ತು ಕೋಡನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಎಲ್ಲ ಕಡೆಗೂ ಅದನ್ನೇ ಕೊಡಿ.

ಕಲಾವಿದರ ಹೆಸರು: ಮುಖ್ಯ ಕಲಾವಿದ ಎಂಬ ಜಾಗದಲ್ಲಿ ತಂಡದ ಹೆಸರು ಒಂದೇ ಇರಲಿ. ಗೌರವಕ್ಕೆಂದು ಹನ್ನೊಂದು ಜನರನ್ನೂ ಅಲ್ಲಿ ತುಂಬಿದರೆ ಅದೇ ಹೆಸರಿನ ಬೇರೆ ಯಾರದೋ ಪುಟಕ್ಕೆ ನಿಮ್ಮ ಆಲ್ಬಂ ಅಂಟಿಕೊಳ್ಳುತ್ತದೆ. ವಾದಕರ ಹೆಸರು, ವಾದ್ಯದ ಹೆಸರು ಕ್ರೆಡಿಟ್ ಜಾಗಕ್ಕೆ, ಟ್ರ್ಯಾಕಿಗೊಂದರಂತೆ. ಯಾವ ಟ್ರ್ಯಾಕಿನಲ್ಲಿ ಯಾರು ಸೋಲೊ ನುಡಿಸಿದ್ದಾರೆ ಎಂಬುದನ್ನೂ ಬರೆಯಿರಿ. ಜಾಝ್ ಕೇಳುವವರು ಡ್ರಮ್ಸ್ ಯಾರು ಎಂದು ನೋಡಿ ಆಲ್ಬಂ ಕೊಳ್ಳುವ ಜನ. ಸ್ಟ್ರೀಮಿಂಗ್‌ನಲ್ಲಿ ಈ ವಿವರ ಅರ್ಧಂಬರ್ಧ ಕಾಣುತ್ತದೆ, ಆದ್ದರಿಂದ ಬ್ಯಾಂಡ್‌ಕ್ಯಾಂಪ್ ಪುಟದಲ್ಲಿ ಪೂರ್ತಿ ಹಾಕಿ, ಡೌನ್‌ಲೋಡ್ ಜೊತೆ ಪಿಡಿಎಫ್ ಪುಸ್ತಿಕೆ ಕೊಡಿ.

ಸ್ಪ್ಯಾನಿಷ್ ಶೀರ್ಷಿಕೆಯಲ್ಲಿ ಮೊದಲ ಪದಕ್ಕೆ ಮತ್ತು ಅಂಕಿತನಾಮಕ್ಕೆ ಮಾತ್ರ ದೊಡ್ಡಕ್ಷರ, ಇಂಗ್ಲಿಷಿನಂತೆ ಪ್ರತಿ ಪದಕ್ಕೂ ಅಲ್ಲ. ಸ್ವರಚಿಹ್ನೆಗಳನ್ನು ಬಿಡಬೇಡಿ. ‘ಆನ್ಯೊ’ ಎಂದರೆ ವರ್ಷ. ಅದರಲ್ಲಿನ ‘ಎನ್’ ಅಕ್ಷರದ ಮೇಲಿನ ಅಲೆಗೆರೆ ಬಿದ್ದುಹೋದರೆ ಅದು ಗುದದ್ವಾರದ ಹೆಸರಾಗುತ್ತದೆ. ಕವರ್ ಚಿತ್ರ, ಫೈಲ್ ಹೆಸರು, ಡಿಸ್ಟ್ರಿಬ್ಯೂಟರ್ ಅರ್ಜಿ ಮೂರರಲ್ಲೂ ಒಂದೇ ಕಾಗುಣಿತ ಇರಬೇಕು. ಕವರ್ ಮೇಲೆ ಒಂದು, ಅರ್ಜಿಯಲ್ಲಿ ಇನ್ನೊಂದು ಇದ್ದರೆ ತಿರಸ್ಕಾರ ಖಚಿತ. ಚಿತ್ರ 3000 ಗುಣಿಲೆ 3000 ಪಿಕ್ಸೆಲ್.

ಬೊಲೆರೊಗೆ ಮೆಕ್ಯಾನಿಕಲ್ ಲೈಸೆನ್ಸ್, ಅಂದರೆ ಬೇರೆಯವರ ರಚನೆಯನ್ನು ಮುದ್ರಿಸಿ ಹಂಚುವ ಪರವಾನಗಿ, ಬೇಕು. ಅಮೆರಿಕದ ಕಾನೂನಿನಲ್ಲಿ ಒಮ್ಮೆ ಬಿಡುಗಡೆಯಾದ ಹಾಡನ್ನು ಯಾರಾದರೂ ನಿಗದಿತ ಶುಲ್ಕಕ್ಕೆ ಮರುಮುದ್ರಿಸಬಹುದು, ತಮ್ಮ ಶೈಲಿಗೆ ಅರೇಂಜ್ ಮಾಡಬಹುದು, ಆದರೆ ಮೂಲ ಮಾಧುರ್ಯ ಮತ್ತು ಸ್ವರೂಪ ಬದಲಿಸುವಂತಿಲ್ಲ. ಸಾಲ್ಸಾ ಲಯಕ್ಕೆ ಕೂರಿಸುವುದು ಅರೇಂಜ್‌ಮೆಂಟ್. ಸಾಹಿತ್ಯವನ್ನು ಅನುವಾದಿಸಿದ್ದರೆ ಅಥವಾ ಮೊಂತುನೊ ಭಾಗಕ್ಕೆ ಹೊಸ ಕೋರೊ ಸಾಲು ಬರೆದು ಸೇರಿಸಿದ್ದರೆ ಪ್ರಕಾಶಕರ ಒಪ್ಪಿಗೆಯನ್ನೇ ಕೇಳಬೇಕು. ಎರಡನೆಯದನ್ನು ಸಾಲ್ಸಾ ತಂಡಗಳು ಯೋಚಿಸದೆಯೇ ಮಾಡಿರುತ್ತವೆ. ವಿಡಿಯೊ ಮಾಡುವುದಾದರೆ ಆ ಅನುಮತಿ ಬೇರೆ. ಜಾಝ್ ಕಡೆ ಹಳೆಯ ಹಾಡಿನ ಕಾರ್ಡ್‌ಗಳ ಮೇಲೆ ಹೊಸ ಮಾಧುರ್ಯ ಬರೆದಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ.

ನಿಮ್ಮ ಸ್ವಂತ ಸಾಲ್ಸಾಗಳಲ್ಲಿ ಕೋರೊ ನಡುವೆ ಗಾಯಕಿ ಆಶುವಾಗಿ ಹಾಡಿದ ಸಾಲುಗಳು ಯಾರ ರಚನೆ? ಈಗಲೇ ಕೂತು ಮಾತಾಡಿ ಶೇಕಡಾವಾರು ಬರೆದು ಎಲ್ಲರೂ ಸಹಿ ಹಾಕಿ. ಬಿಡುಗಡೆಯಾದ ಮೇಲೆ ಈ ಮಾತು ಎತ್ತಿದರೆ ಸ್ನೇಹ ಕೆಡುತ್ತದೆ. ಜಾಝ್ ಸೋಲೊಗಳಿಗೆ ರಚನೆಯ ಪಾಲು ಕೊಡುವ ರೂಢಿ ಇಲ್ಲ, ಆದರೆ ವಾದಕರಿಗೆ ಬೇರೆ ದಾರಿಯಿದೆ. ಅಮೆರಿಕದ ಡಿಜಿಟಲ್ ರೇಡಿಯೊದ ಹಣವನ್ನು ಸೌಂಡ್‌ಎಕ್ಸ್‌ಚೇಂಜ್ ಹಂಚುತ್ತದೆ: ಶೇ. 50 ಮುದ್ರಣದ ಒಡೆಯರಿಗೆ, ಶೇ. 45 ಮುಖ್ಯ ಕಲಾವಿದರಿಗೆ, ಶೇ. 5 ಉಳಿದ ವಾದಕ-ಗಾಯಕರ ನಿಧಿಗೆ. ನಿಮ್ಮ ತಂಡವೇ ಒಡೆಯ, ನಿಮ್ಮ ತಂಡವೇ ಮುಖ್ಯ ಕಲಾವಿದ. ಎರಡೂ ಹೆಸರಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿ. ಮೊದಲನೆಯದನ್ನು ಮಾತ್ರ ಮಾಡಿ ಅರ್ಧ ಹಣ ಬಿಟ್ಟವರು ಬಹಳ.

ನೀಲಿಸ್ವರ

ದಿನಾಂಕದ ಬಗ್ಗೆ. ಜುಲೈ 10, 2015ರಿಂದ ಹೊಸ ಸಂಗೀತ ಬಿಡುಗಡೆಗೆ ಜಗತ್ತಿನಾದ್ಯಂತ ಶುಕ್ರವಾರವೇ ರೂಢಿ, ಅದನ್ನೇ ಹಿಡಿಯಿರಿ. ಹಿಂದಕ್ಕೆ ಎಣಿಸಿ: ಮುದ್ರಿತ ಪತ್ರಿಕೆಗಳ ವಿಮರ್ಶಕರಿಗೆ ಮೂರು ತಿಂಗಳು ಮೊದಲು ಫೈಲ್ ಹೋಗಬೇಕು, ರೇಡಿಯೊಗೆ ಒಂದು ತಿಂಗಳು, ಡಿಸ್ಟ್ರಿಬ್ಯೂಟರ್‌ಗೆ ನಾಲ್ಕು ವಾರ. ಸ್ಪಾಟಿಫೈ ಸಂಪಾದಕರಿಗೆ ಟ್ರ್ಯಾಕ್ ಒಪ್ಪಿಸಲು ಕನಿಷ್ಠ ಏಳು ದಿನ ಮೊದಲು. ಹಾಗೆ ಮಾಡಿದರೆ ನಿಮ್ಮನ್ನು ಹಿಂಬಾಲಿಸುವವರಿಗೆ ಹೊಸ ಹಾಡು ತೋರಿಸುವ ಪ್ಲೇಲಿಸ್ಟ್ ರಿಲೀಸ್ ರಾಡಾರ್‌ನಲ್ಲಿ ಅದೇ ಟ್ರ್ಯಾಕ್ ಬರುತ್ತದೆ.

ಸ್ಟ್ರೀಮಿಂಗ್ ಹಣದ ಮೇಲೆ ಯೋಜನೆ ಹಾಕಬೇಡಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಪ್ಲೇ, ಹಾಡು ಎರಡು ನಿಮಿಷದ್ದಿರಲಿ ಹದಿನಾಲ್ಕು ನಿಮಿಷದ್ದಿರಲಿ. 2024ರಿಂದ ಹಿಂದಿನ 12 ತಿಂಗಳಲ್ಲಿ 1,000 ಪ್ಲೇ ಮುಟ್ಟದ ಟ್ರ್ಯಾಕಿಗೆ ರಾಯಲ್ಟಿಯೇ ಇಲ್ಲ. ಉದ್ದನೆಯ ಟ್ರ್ಯಾಕ್‌ಗಳ ಜಾಝ್ ಆಲ್ಬಂಗೆ ಬ್ಯಾಂಡ್‌ಕ್ಯಾಂಪ್ ಲೆಕ್ಕ ಮೇಲು: ಡಿಜಿಟಲ್ ಮಾರಾಟದಲ್ಲಿ ಅವರ ಪಾಲು ಶೇ. 15, ಎಲ್‌ಪಿಯಂಥ ವಸ್ತುವಿಗೆ ಶೇ. 10, ಮೇಲೆ ಪಾವತಿ ಶುಲ್ಕ. ವೇವ್, ಎಐಎಫ್‌ಎಫ್ ಅಥವಾ ಫ್ಲಾಕ್ ಮಾತ್ರ ಹಾಕಲು ಬಿಡುತ್ತಾರೆ. ಎಂಪಿ3ಯನ್ನು ವೇವ್‌ಗೆ ಬದಲಿಸಿ ಹಾಕುವ ಕೆಲಸ ಯಾರೂ ಮಾಡಬಾರದು, ಗಂಟೆಯ ಮೊಳಗಿನಲ್ಲಿ ನೀರು ಗುಳುಗುಳು ಅಂದಂತೆ ಕೇಳುತ್ತದೆ, ಹಣ ಕೊಟ್ಟವರಿಗೆ ಗೊತ್ತಾಗುತ್ತದೆ.

ಲೇಬಲ್ ಇಲ್ಲ ಎನ್ನುವುದನ್ನು ಕೊರತೆಯಾಗಿ ನೋಡಬೇಡಿ. ಜಾಝ್ ವಾದಕರಾದ ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ 1952ರಲ್ಲಿ ಡೆಬ್ಯೂ ರೆಕಾರ್ಡ್ಸ್ ಕಟ್ಟಿದ್ದು ತಮ್ಮ ಸಂಗೀತ ತಮ್ಮ ಕೈಯಲ್ಲಿರಲಿ ಎಂದೇ. 1964ರಲ್ಲಿ ನ್ಯೂಯಾರ್ಕಿನಲ್ಲಿ ಸಾಲ್ಸಾ ಲೇಬಲ್ ಫಾನಿಯಾ ಶುರುವಾದಾಗ ಇದ್ದದ್ದು ಒಬ್ಬ ಬ್ಯಾಂಡ್ ನಾಯಕ ಜಾನಿ ಪಚೆಕೊ, ಒಬ್ಬ ವಕೀಲ ಜೆರ್ರಿ ಮಸೂಚಿ. 2005ರಲ್ಲಿ ಜಾಝ್ ಸಂಯೋಜಕಿ ಮರಿಯಾ ಶ್ನೈಡರ್ ಗ್ರ್ಯಾಮಿ ಪಡೆದದ್ದು ಅಂಗಡಿಗೇ ಹೋಗದೆ ಆರ್ಟಿಸ್ಟ್‌ಶೇರ್ ಮೂಲಕ ಇಂಟರ್ನೆಟ್‌ನಲ್ಲಿ ಮಾತ್ರ ಮಾರಿದ ಆಲ್ಬಂಗೆ.

ಮಂದ್ರತಂತಿ

ಎಲ್ಲರಿಗೂ ತುಂಬಾ ಧನ್ಯವಾದ. ನಾಲ್ಕನೇ ಬೀಟಿಗೆ ಕತ್ತರಿ ಸರಿಸಿ ನೋಡಿದೆ, ಕುಂಟು ಹೋಯಿತು. ಕೊನೆಯದೊಂದು: ಈ ಎಡಿಟನ್ನು ಆಲ್ಬಂನಲ್ಲೇ ಒಂಬತ್ತನೇ ಟ್ರ್ಯಾಕ್ ಮಾಡಬೇಕೆ, ಬೇರೆಯಾಗಿ ಬಿಡಬೇಕೆ? ಸಾಲ್ಸಾ ಡಿಜೆಗಳಿಗೂ ಕಳಿಸಬೇಕು.

ಕ್ಲಾವೆಕಡ್ಡಿ

ಬೇರೆಯಾಗಿ, ಸಿಂಗಲ್ ಆಗಿ, ಆಲ್ಬಂಗೆ ಮೂರು ವಾರ ಮೊದಲು. ಬಿಡುಗಡೆಯಾಗದ ಟ್ರ್ಯಾಕನ್ನು ಮಾತ್ರ ಸ್ಪಾಟಿಫೈಗೆ ಒಪ್ಪಿಸಬಹುದು, ಒಂದು ಬಿಡುಗಡೆಯಿಂದ ಒಂದೇ. ಹೀಗೆ ಮಾಡಿದರೆ ಸಿಂಗಲ್‌ಗೆ ಸಾಲ್ಸಾ ಒಪ್ಪಿಸಿ, ಆಲ್ಬಂನಿಂದ ಜಾಝ್ ಟ್ರ್ಯಾಕ್ ಒಂದನ್ನು ಒಪ್ಪಿಸಬಹುದು. ಎರಡು ಬಗೆಯ ಕೇಳುಗರಿಗೆ ಎರಡು ಬಾಗಿಲು.

ಡಿಜೆಗಳಿಗೆ ವೇವ್ ಮತ್ತು 320ರ ಎಂಪಿ3 ಎರಡನ್ನೂ ಕೊಡಿ. ಫೈಲ್ ಹೆಸರಿನಲ್ಲೇ ತಂಡ, ಹಾಡು, ವೇಗ 190 ಎಂದಿರಲಿ. ಅವರ ಸಾಫ್ಟ್‌ವೇರ್ ಬಹಳ ಸಲ ಅದನ್ನು 95 ಎಂದು ಓದುತ್ತದೆ, ಆಗ ಹಾಡು ನಿಧಾನದ ಪಟ್ಟಿಗೆ ಹೋಗಿ ಕೂರುತ್ತದೆ. ತಾಳವಿಲ್ಲದ ಪಿಯಾನೊ ಮುನ್ನುಡಿ ಇದ್ದರೆ ಈ ಎಡಿಟ್‌ನಲ್ಲಿ ಎಂಟು ಬಾರ್ ತಾಳವಾದ್ಯದಿಂದಲೇ ಶುರುಮಾಡಿ, ಜೋಡಿಗಳು ಕೈ ಹಿಡಿದು ನೆಲಕ್ಕೆ ಬರಲು ಅಷ್ಟು ಸಮಯ ಬೇಕು. ಕೊನೆಯನ್ನು ಫೇಡ್ ಮಾಡಬೇಡಿ. ಎಲ್ಲರೂ ಒಟ್ಟಿಗೆ ಹೊಡೆದು ನಿಲ್ಲಿಸುವ ಕೊನೆ ನಿಮ್ಮ ಕೋಡಾದಲ್ಲಿದೆ ಎಂದುಕೊಂಡಿದ್ದೇನೆ. ನರ್ತಕರು ಕೊನೆಯ ಭಂಗಿ ಕಟ್ಟುವುದು ಆ ಹೊಡೆತಕ್ಕೇ. ಅದರ ನಂತರ ಗಂಟೆಯ ಮೊಳಗು ತಾನಾಗಿ ಆರಲು ಎರಡು ಸೆಕೆಂಡ್ ಬಿಟ್ಟು ಫೈಲ್ ಮುಗಿಸಿ.